ಕೊನೆ ಭಾಗದ ಗದ್ದೆಗೆ ನೀರು

ನಮ್ಮೂರ ಮನೆಯ ಪಡಸಾಲೆಯಲ್ಲಿ ಎದುರುಬದುರಾಗಿ ಎರಡು ಮಂಚಗಳಿದ್ದವು. ಒಂದರಲ್ಲಿ ಅವ್ವ ಕಾಲಡಿಗೆ ಎರಡು ದಿಂಬು ಒಟ್ಟಿಕೊಂಡು ಮಲಗುತ್ತಿದ್ದಳು. ಇನ್ನೊಂದರಲ್ಲಿ ಅಪ್ಪ, ಬಲಗಾಲನ್ನು ಮಂಚದಾಚೆ ಇಳಿಬಿಟ್ಟುಕೊಂಡು. ಕಾಲು ಮೇಲಿದ್ದರೆ ಮಾತ್ರ ಅವ್ವನಿಗೆ ನಿದ್ದೆ ಹತ್ತುತ್ತಿತ್ತು, ಕೆಳಗಿದ್ದರೆ ಮಾತ್ರ ಅಪ್ಪನಿಗೆ. 1996ರ ಚಳಿಗಾಲ ಅದು. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಊರಿಗೆ ಬರುತ್ತಿದ್ದ ನಾನು, ರಾತ್ರಿ ಎದ್ದಾಗ ಅಪ್ಪನ ಕಾಲು ಜಾರಿದೆ ಅಂದುಕೊಂಡು ಅದನ್ನೆತ್ತಿ ಮಂಚದ ಮೇಲಿಟ್ಟು ಕಂಬಳಿ ಹೊದಿಸುತ್ತಿದ್ದೆ. ಅರ್ಧ ಗಂಟೆ ಕಳೆಯುವುದರೊಳಗೆ ಅಪ್ಪ ನರಳುತ್ತಾ ಎದ್ದು ಕೂರುತ್ತಿದ್ದ. “ಬುಡವ್ವ, ಇಳೀಬಿಟ್ಕಂಡ್ರೇನೆ ವಸಿ ಹಾಯಾಗದು” ಅನ್ನುತ್ತಿದ್ದ.

ಆಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡಲು ಶುರುಮಾಡಿ ಐದು ವರ್ಷವಾಗಿತ್ತು. ಹೃದಯದಿಂದ ರಕ್ತ ಒಯ್ಯುವ ಅಪಧಮನಿ, ಹೃದಯಕ್ಕೆ ರಕ್ತ ವಾಪಸ್ಸು ತರುವ ಅಭಿಧಮನಿ, ಎರಡನ್ನೂ ಬೆಸೆಯುವ ಕೂದಲೆಳೆಯಂಥ ಲೋಮನಾಳ ಎಂದು ಬೋರ್ಡಿನ ಮೇಲೆ ಕೆಂಪು ನೀಲಿ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅನ್ನುತ್ತಿದ್ದವಳು ನಾನೇ. ಆ ಚಿತ್ರದ ಕೆಂಪು ಗೆರೆ ಒಂದು ಮಂಚದ ಮೇಲೆ, ನೀಲಿ ಗೆರೆ ಇನ್ನೊಂದು ಮಂಚದ ಮೇಲೆ ಕೆಟ್ಟು ಮಲಗಿವೆ ಅನ್ನುವುದು ನನಗೆ ಹೊಳೆಯಲಿಲ್ಲ. ಈ ಮಾತನ್ನು ಎಷ್ಟೋ ವರ್ಷ ಯಾರಿಗೂ ಹೇಳಿಕೊಂಡಿರಲಿಲ್ಲ. ಈಗ ಬರೆಯಲು ಕಾರಣ ನನ್ನ ತಮ್ಮ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ಮದ್ದೂರಿನ ಕಡೆಯ ಊರು, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕನ್ನಂಬಾಡಿಯಿಂದ ಹೊರಟ ನೀರು ಹುಲಿಕೆರೆ ಸುರಂಗ ದಾಟಿ, ಮಂಡ್ಯದ ಗದ್ದೆಗಳನ್ನೆಲ್ಲ ತಣಿಸಿ, ಮಿಕ್ಕಿದ್ದು ನಮ್ಮ ಕಡೆ ಬರಬೇಕು. ಮೇಲಿನವರ ಗದ್ದೆ ತುಂಬಿ ಕೋಡಿ ಹರಿಯುವಾಗಲೂ ನಮ್ಮಲ್ಲಿ ಪೈರು ಬಾಡುತ್ತಿದ್ದ ವರ್ಷಗಳುಂಟು. ನಾಲೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆ ಭಾಗವೇ. ಇದು ನೀರು ಬರುವ ಕಥೆ. ಹೋಗುವ ಕಥೆ ಬೇರೆ. ಗದ್ದೆಯಲ್ಲಿ ನಿಂತ ನೀರು ಬಸಿಗಾಲುವೆ ಹಿಡಿದು ಹಳ್ಳಕ್ಕೆ, ಹಳ್ಳದಿಂದ ಶಿಂಷೆಗೆ, ಶಿಂಷೆಯಿಂದ ಮತ್ತೆ ಕಾವೇರಿಗೆ ಸೇರಬೇಕು. ಬಸಿಗಾಲುವೆ ಮುಚ್ಚಿಹೋದರೆ ಗದ್ದೆ ಜೌಗು ಹಿಡಿಯುತ್ತದೆ, ಮೇಲೆ ಬಿಳಿ ಸವುಳು ಏಳುತ್ತದೆ. ನೀರಿಲ್ಲದೆ ಒಣಗಿದ ಗದ್ದೆಯಲ್ಲೂ ಬೆಳೆಯಿಲ್ಲ, ನೀರು ನಿಂತು ಕೊಳೆತ ಗದ್ದೆಯಲ್ಲೂ ಇಲ್ಲ. ಹಾಗಂತ ಎರಡಕ್ಕೂ ಮದ್ದು ಒಂದೇ ಅಲ್ಲ.

ನಮ್ಮ ಮೈಯ ಕೊನೆ ಭಾಗದ ಗದ್ದೆ ಪಾದ. ಅಪ್ಪನಿಗೆ ನಾಲೆ ಕಟ್ಟಿಕೊಂಡಿತ್ತು, ಅವ್ವನಿಗೆ ಬಸಿಗಾಲುವೆ.

ವಯಸ್ಸಾಗುತ್ತಾ “ರಕ್ತ ಸಂಚಾರ ಸರಿಯಿಲ್ಲ” ಅನ್ನುವ ಒಂದೇ ಮಾತನ್ನು ನಾವೆಲ್ಲ ಆಡುತ್ತೇವೆ. ಕಾಲು ಜೋಮು ಹಿಡಿದರೂ ಅದೇ, ಊದಿಕೊಂಡರೂ ಅದೇ, ತಣ್ಣಗಾದರೂ ಅದೇ. ಸಾಲದ್ದಕ್ಕೆ ನಮ್ಮ ಆಡುಮಾತಿನಲ್ಲಿ ಎಲ್ಲವೂ ‘ನರ’. ಚರ್ಮದ ಕೆಳಗೆ ನೀಲಿಯಾಗಿ ಕಾಣುವುದು ನರ, ಸಕ್ಕರೆ ಕಾಯಿಲೆಯಲ್ಲಿ ಉರಿಯುವುದು ನರ, ಉಳುಕಿದರೆ ಎಳೆದುಕೊಳ್ಳುವುದೂ ನರ. ಅಪ್ಪ ಕಾಲು ನೋವೆಂದು ತೋರಿಸಿಕೊಳ್ಳಲು ಹೋದಾಗ “ನರದ ವೀಕ್‌ನೆಸ್ಸು” ಎಂದು ವಾರಕ್ಕೊಂದರಂತೆ ಕೆಂಪು ಇಂಜೆಕ್ಷನ್ ಕೊಟ್ಟರು. ಎಂಟು ವಾರ ಅದೇ ನಡೆಯಿತು. ನೋವು ಹಾಗೇ ಇತ್ತು, ಏಕೆಂದರೆ ತೊಂದರೆ ಇದ್ದದ್ದು ಆ ನರದಲ್ಲಲ್ಲ.

ಅಪ್ಪನ ನೋವಿಗೆ ಒಂದು ಲೆಕ್ಕವಿತ್ತು. ಮನೆಯಿಂದ ಹೊರಟು ನಾಲೆ ಏರಿ ಹತ್ತಿ ಗದ್ದೆಗೆ ಹೋಗುವಾಗ, ಹುಣಸೆ ಮರದ ಹತ್ತಿರ ಬರುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಂಡಿದ ಹಾಗಾಗುತ್ತಿತ್ತು. ಎರಡು ನಿಮಿಷ ನಿಂತರೆ ಹೋಗುತ್ತಿತ್ತು. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತಿತ್ತು. ಹುಣಸೆ ಮರದ ಕೆಳಗೆ ನಿಂತು ಬೀಡಿ ಹಚ್ಚುತ್ತಿದ್ದ. ನೋಡಿದವರಿಗೆ, ಬೀಡಿ ಸೇದಲು ನಿಂತಿದ್ದಾನೆ ಅನಿಸುತ್ತಿತ್ತು. ನಡೆದರೆ ಬರುವ, ನಿಂತರೆ ಹೋಗುವ, ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬರುವ ಮೀನಖಂಡದ ನೋವು ಕಾಲಿನ ಅಪಧಮನಿ ಕಿರಿದಾಗಿದೆ ಅನ್ನುವುದರ ಗುರುತು. ದುಡಿಯುವ ಸ್ನಾಯು ಹೆಚ್ಚು ರಕ್ತ ಕೇಳುತ್ತದೆ, ಹೂಳು ತುಂಬಿದ ನಾಲೆ ಕೊಡಲಾರದು, ಸ್ನಾಯು ಕೂಗಿಕೊಳ್ಳುತ್ತದೆ. ನಿಂತರೆ ಬೇಡಿಕೆ ಇಳಿಯುತ್ತದೆ, ಇದ್ದಷ್ಟೇ ರಕ್ತ ಸಾಕಾಗುತ್ತದೆ.

ರೋಗ ಮುಂದುವರಿದಾಗ ಸುಮ್ಮನೆ ಮಲಗಿದ್ದರೂ ರಕ್ತ ಸಾಲುವುದಿಲ್ಲ. ಕಾಲು ಇಳಿಬಿಟ್ಟರೆ ರಕ್ತ ತನ್ನ ಭಾರಕ್ಕೆ ತಾನೇ ಪಾದಕ್ಕೆ ಇಳಿದೀತು, ಮೇಲಿಟ್ಟರೆ ಅದೂ ಇಲ್ಲ. ಅಪ್ಪನ ಮೈಗೆ ಅದು ಗೊತ್ತಿತ್ತು. ಕಾಲು ಇಳಿಬಿಟ್ಟಾಗ ಪಾದ ಕೆಂಪಗಾಗುತ್ತಿದ್ದುದನ್ನು ನಾವು ಒಳ್ಳೆಯ ಲಕ್ಷಣ ಅಂದುಕೊಂಡೆವು. ಎತ್ತಿಟ್ಟಾಗ ಅದೇ ಪಾದ ಸುಣ್ಣದಂತೆ ಬಿಳಿಚಿಕೊಳ್ಳುತ್ತಿದ್ದುದನ್ನು ಕಂಬಳಿ ಮುಚ್ಚಿಬಿಟ್ಟಿತ್ತು. ಬೆರಳುಗಳ ಮೇಲಿನ ರೋಮ ಉದುರಿ ಚರ್ಮ ಎಣ್ಣೆ ಸವರಿದಂತೆ ನುಣುಪಾಗಿತ್ತು. ಕಾಲು ತಣ್ಣಗಿದೆಯೆಂದು ಅವ್ವ ಬಿಸಿನೀರಿನ ಬಾಟಲಿ ಇಟ್ಟಳು. ಬೊಬ್ಬೆ ಎದ್ದಿತು. ಆ ಬೊಬ್ಬೆ ಮಾಯುವ ಮುಂಚೆ ಗದ್ದೆಯಲ್ಲಿ ಕಬ್ಬಿನ ಕೂಳೆ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಸರಿಯಾಗಿ ಬಾರದ ಪಾದದಲ್ಲಿ ಗಾಯ ಮಾಯುವುದಾದರೂ ಹೇಗೆ? ಬೆರಳು ಕಪ್ಪಾಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬರು ಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಡಿಸಿದರು. “ಇಲ್ಲಿ ನಾಡಿ ಸಿಗಬೇಕಿತ್ತು ಮೇಡಂ” ಅಂದರು. ನನ್ನ ಬೆರಳಿಗೆ ಏನೂ ತಾಗಲಿಲ್ಲ.

ಮೊದಲು ಎರಡು ಬೆರಳು ಹೋದವು, ನಾಲ್ಕು ತಿಂಗಳ ಮೇಲೆ ಮಂಡಿಯ ಕೆಳಗಿನ ಕಾಲು. ಇಳಿಬಿಡಲು ಕಾಲಿಲ್ಲದ ಮೇಲೆ ಅಪ್ಪ ರಾತ್ರಿಯಿಡೀ ಅಲುಗಾಡದೆ ಮಲಗುತ್ತಿದ್ದ. ಆರು ವರ್ಷ ಬದುಕಿದ. ಹೋದದ್ದು ಹೃದಯಾಘಾತದಿಂದ. ಅದೂ ಬೇರೆ ರೋಗವಲ್ಲ ಅಂತ ಈಗ ತಿಳಿಯುತ್ತದೆ. ಕಾಲಿನ ಅಪಧಮನಿಯಲ್ಲಿ ಕೊಬ್ಬು, ಸುಣ್ಣ ಕಟ್ಟಿದ್ದರೆ ಹೃದಯದ್ದು, ಮಿದುಳಿನದು ಮಾತ್ರ ಸ್ವಚ್ಛವಾಗಿರುವುದು ಅಪರೂಪ. ಕಾಲು ಕೊಟ್ಟ ಎಚ್ಚರಿಕೆಯನ್ನು ಎದೆಗೂ ಸೇರಿಸಿ ಓದಬೇಕು.

ಅವ್ವನ ಕಥೆ ಇಷ್ಟು ಕ್ರೂರವಲ್ಲ. ಐದು ಹೆರಿಗೆ, ಒಲೆ ಮುಂದೆ ನಿಂತ ಬೆಳಗು, ನಾಟಿ ಕೆಲಸಕ್ಕೆ ಕೆಸರಿನಲ್ಲಿ ನಿಂತ ಹಗಲು. ಮೀನಖಂಡದ ಮೇಲೆ ಹಂಬು ಹಬ್ಬಿದ ಹಾಗೆ ನೀಲಿ ರಕ್ತನಾಳಗಳು ಗಂಟುಗಂಟಾಗಿ ಎದ್ದಿದ್ದವು. ಸಂಜೆಗೆ ಕಾಲು ಊದಿ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಒಳಗಿನ ಗಿಣ್ಣಿನ ಸುತ್ತ ಚರ್ಮ ಕಪ್ಪಾಗಿ, ಗಟ್ಟಿಯಾಗಿ, ತುರಿಸಿ ತುರಿಸಿ ಒಂದು ದಿನ ಹುಣ್ಣಾಯಿತು. ಎಂಟು ತಿಂಗಳು ಹಸಿಯಾಗೇ ಇತ್ತು. ಅರಿಸಿನ, ಬೇವು, ಮೆಡಿಕಲ್ ಸ್ಟೋರಿನವರು ಕೊಟ್ಟ ಮುಲಾಮು ಎಲ್ಲ ಹಚ್ಚಿದ್ದಾಯಿತು. ಕೊನೆಗೆ ಮಾಯಿಸಿದ್ದು ಯಾವ ಮುಲಾಮೂ ಅಲ್ಲ, ಪಾದದಿಂದ ಮಂಡಿಯವರೆಗೆ ಬಿಗಿಯಾಗಿ ಸುತ್ತಿದ ಪಟ್ಟಿ. ಜೌಗು ಬಸಿದ ಮೇಲೆ ನೆಲ ತಾನಾಗಿ ಆರಿತು.

ಈ ಬಸಿಯುವ ವ್ಯವಸ್ಥೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ನನ್ನ ಮೂವತ್ತು ವರ್ಷಗಳ ಅತ್ಯಂತ ಪ್ರೀತಿಯ ಪಾಠ ಅದು. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ, ರಕ್ತ ಸುತ್ತು ಹೊಡೆಯುತ್ತದೆ ಎಂದು ಪುಸ್ತಕ ಪ್ರಕಟಿಸಿದ. ಅವನ ವಾದದ ಬೇರು ಒಂದು ಸರಳ ಗುಣಾಕಾರ. ಹೃದಯ ಒಂದು ಬಡಿತಕ್ಕೆ ಎಷ್ಟೇ ಕಡಿಮೆ ರಕ್ತ ದೂಡಿದರೂ ಅರ್ಧ ಗಂಟೆಯ ಬಡಿತಗಳಿಂದ ಗುಣಿಸಿದರೆ ಅದು ಮೈಯಲ್ಲಿರುವ ಒಟ್ಟು ರಕ್ತವನ್ನೇ ಮೀರುತ್ತದೆ. ಅಷ್ಟು ರಕ್ತ ಹೊಸದಾಗಿ ಹುಟ್ಟಲಾರದು, ಹೋದದ್ದೇ ತಿರುಗಿ ಬರುತ್ತಿರಬೇಕು. ಈಗಿನ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್, ದಿನಕ್ಕೆ ಸುಮಾರು 1 ಲಕ್ಷ ಬಡಿತ. ಅಪಧಮನಿಯ ರಕ್ತ ಅಭಿಧಮನಿಗೆ ಎಲ್ಲಿ ದಾಟುತ್ತದೆಂದು ಹಾರ್ವೆಗೆ ಕಾಣಲಿಲ್ಲ. ಅವನು ತೀರಿಹೋದದ್ದು 1657ರಲ್ಲಿ. ನಾಲ್ಕು ವರ್ಷದ ನಂತರ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಲೋಮನಾಳಗಳನ್ನು ಕಂಡ.

ಹಾರ್ವೆಯ ಪುಸ್ತಕದಲ್ಲಿರುವ ತೋಳಿನ ಪ್ರಯೋಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡಿಸುತ್ತಿದ್ದೆ. ತೋಳಿಗೆ ಹದವಾದ ಬಿಗಿಯಲ್ಲಿ ಬಟ್ಟೆ ಕಟ್ಟಿದರೆ ಮುಂಗೈಯ ರಕ್ತನಾಳ ಉಬ್ಬುತ್ತದೆ. ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ಅದನ್ನು ಅದುಮಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈ ಕಡೆಗೆ ಸವರಿಬಿಟ್ಟರೆ ನಡುವಿನ ನಾಳ ಖಾಲಿಯಾಗಿ ಚಪ್ಪಟೆಯಾಗುತ್ತದೆ. ಮೇಲಿನ ರಕ್ತ ಕೆಳಕ್ಕೆ ವಾಪಸ್ಸು ಬರುವುದಿಲ್ಲ, ಒಳಗಿನ ಕವಾಟ ಬಿಡುವುದಿಲ್ಲ. ಕೆಳಗಿನ ಬೆರಳು ತೆಗೆದ ಕ್ಷಣವೇ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಮಕ್ಕಳು “ಮೇಡಂ, ಇನ್ನೊಂದ್ಸಲ” ಅನ್ನುತ್ತಿದ್ದರು. ಹೊಲಗದ್ದೆಯ ಮನೆಗಳಿಂದ ಬಂದ ಆ ಮಕ್ಕಳಿಗೆ ತೂಬು ಅಂದರೆ ಏನೆಂದು ವಿವರಿಸುವ ಅಗತ್ಯವೇ ಇರಲಿಲ್ಲ.

ಪಾದದಿಂದ ಎದೆಗೆ ನಾಲ್ಕು ಅಡಿ ಏರಬೇಕಾದ ರಕ್ತವನ್ನು ಎತ್ತುವುದು ಹೃದಯವಲ್ಲ, ಮುಖ್ಯವಾಗಿ ಮೀನಖಂಡ. ಹೆಜ್ಜೆ ಹಾಕಿದಾಗ ಅದು ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತದೆ, ಸಡಿಲಾದಾಗ ಅವು ಮತ್ತೆ ತುಂಬುತ್ತವೆ, ಇಳಿಯದಂತೆ ಕವಾಟಗಳು ತಡೆಯುತ್ತವೆ. ಅಲುಗದೆ ನಿಂತಿದ್ದರೆ ಗಿಣ್ಣಿನ ಹತ್ತಿರ ಅಭಿಧಮನಿಯ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯಲು ಶುರುಮಾಡಿದ ಕೆಲವೇ ಹೆಜ್ಜೆಗಳಲ್ಲಿ ಅದು 30ರ ಕೆಳಕ್ಕೆ ಇಳಿಯುತ್ತದೆ. ಕವಾಟ ಹಾಳಾದವರಲ್ಲಿ ಹಾಗೆ ಇಳಿಯುವುದಿಲ್ಲ. ಮೇಲಿನ ರಕ್ತದ ಕಂಬ ಪೂರ್ತಿ ಕೆಳಕ್ಕೆ ಭಾರ ಬಿಡುತ್ತದೆ, ನಾಳ ಹಿಗ್ಗುತ್ತದೆ, ನೀರು ಚರ್ಮಕ್ಕೆ ಒಸರುತ್ತದೆ. ಅವ್ವನ ಕಾಲಾದದ್ದು ಹೀಗೆ. ನಿಂತು ಪಾಠ ಹೇಳಿದ ನನ್ನದೂ ಹೀಗೆಯೇ. ಮೇಷ್ಟ್ರು, ಅಡುಗೆಯವರು, ಕಟಿಂಗ್ ಶಾಪಿನವರು, ಪೊಲೀಸರು, ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಹೆಣ್ಣುಮಕ್ಕಳು, ಇವರೆಲ್ಲರ ಕೆಲಸದಲ್ಲಿ ನಿಲ್ಲುವುದಿದೆ, ನಡೆಯುವುದಿಲ್ಲ. ನಡುನಡುವೆ ಹಿಮ್ಮಡಿ ಎತ್ತಿ ಇಳಿಸಿದರೂ ಆ ಪಂಪು ಕೆಲಸ ಮಾಡುತ್ತದೆ ಅಂತ ಇಪ್ಪತ್ತೈದು ವಯಸ್ಸಿನಲ್ಲಿ ಯಾರಾದರೂ ನನಗೆ ಹೇಳಬೇಕಿತ್ತು.

ನಾನೀಗ ಬೆಳಿಗ್ಗೆ ಮಂಚದಿಂದ ಕಾಲು ಇಳಿಸುವ ಮೊದಲೇ, ಊತ ತುಂಬಿಕೊಳ್ಳುವ ಮುಂಚೆ, ಬಿಗಿ ಕಾಲುಚೀಲ ಹಾಕಿಕೊಳ್ಳುತ್ತೇನೆ. ಏಪ್ರಿಲ್ ಬಿಸಿಲಿನಲ್ಲಿ ಅದು ಸುಲಭವಲ್ಲ, ಆದರೂ ಸಂಜೆಯ ಹೊತ್ತಿಗೆ ಕಾಲು ಹಗುರವಾಗಿರುವ ಸುಖ ದೊಡ್ಡದು. ಇದನ್ನು ಓದಿ ಯಾರೂ ಮೆಡಿಕಲ್ ಸ್ಟೋರಿಗೆ ಹೋಗಿ ಆ ಚೀಲ ಕೊಂಡು ಅಪ್ಪನಿಗೋ ಅಜ್ಜಿಗೋ ಹಾಕಿಬಿಡಬೇಡಿ. ನಮ್ಮಪ್ಪನಂಥ ಕಾಲಿಗೆ ಅದನ್ನು ಹಾಕುವುದೆಂದರೆ, ಬರುತ್ತಿರುವ ಒಂದು ದಾರ ನೀರನ್ನೂ ಕಟ್ಟಿಹಾಕಿದ ಹಾಗೆ. ಮೊದಲು ಯಾವ ಕಾಲುವೆ ಕೆಟ್ಟಿದೆ ಅಂತ ತಿಳಿಯಬೇಕು. ಅದಕ್ಕೆ ಸುಲಭದ ಪರೀಕ್ಷೆಯಿದೆ. ಕಾಲಿನ ಗಿಣ್ಣಿನ ಬಳಿ ಬಿ.ಪಿ. ನೋಡಿ, ಅದನ್ನು ತೋಳಿನ ಬಿ.ಪಿ.ಯಿಂದ ಭಾಗಿಸುತ್ತಾರೆ. ಆರೋಗ್ಯವಂತರಲ್ಲಿ 1 ಅಥವಾ ಸ್ವಲ್ಪ ಹೆಚ್ಚು ಬರುತ್ತದೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಧಮನಿಯಲ್ಲಿ ಅಡ್ಡಿಯಿದೆ ಎಂದರ್ಥ. ಸೂಜಿಯಿಲ್ಲ, ನೋವಿಲ್ಲ. ಸಕ್ಕರೆ ಕಾಯಿಲೆ ಹಳೆಯದಾಗಿದ್ದವರಲ್ಲಿ ನಾಳ ಗಟ್ಟಿಯಾಗಿ ಈ ಲೆಕ್ಕ ತಪ್ಪಿಸುವುದುಂಟು, ಅಂಥವರಿಗೆ ಕಾಲ್ಬೆರಳಿನ ರಕ್ತದೊತ್ತಡ ಅಥವಾ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ನೋಡುತ್ತಾರೆ.

ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ ನನಗೆ ವಿಶೇಷ ಸಂಕಟ. ಅವರಿಗೆ ಸ್ಪರ್ಶವೂ ಕಡಿಮೆ, ರಕ್ತವೂ ಕಡಿಮೆ. ಹರಕೆಯೆಂದು ಮಧ್ಯಾಹ್ನದ ಬಿಸಿಲಿನಲ್ಲಿ ಬರಿಗಾಲಲ್ಲಿ ದೇವಸ್ಥಾನದ ಕಲ್ಲಿನ ಮೇಲೆ ಪ್ರದಕ್ಷಿಣೆ ಬಂದು, ಸುಟ್ಟದ್ದು ಗೊತ್ತಾಗದೆ ಮನೆಗೆ ಬಂದ ಮೇಲೆ ಬೊಬ್ಬೆ ನೋಡಿಕೊಂಡ ಮಹಿಳೆಯೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ದೇವರು ಮುಂಜಾನೆಯೂ ಅಲ್ಲೇ ಇರುತ್ತಾನೆ, ನೆಲ ತಣ್ಣಗಿದ್ದಾಗ ಹೋಗಬಹುದು. ರಾತ್ರಿ ಕಾಲು ತೊಳೆದು ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲೋ ಮೊಮ್ಮಕ್ಕಳ ಕೈಯಲ್ಲೋ ನೋಡಿಸಿಕೊಳ್ಳಬೇಕು.

ಇನ್ನೊಂದು ಮಾತು, ಇದು ತಡಮಾಡಬಾರದ್ದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬಾರದು. ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದು ಕಿತ್ತುಹೋಗಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಆಪರೇಷನ್ ಆಗಿ ಮಲಗಿದ್ದವರು, ಹತ್ತಾರು ಗಂಟೆ ಬಸ್ಸಿನಲ್ಲೋ ವಿಮಾನದಲ್ಲೋ ಕೂತು ಬಂದವರು ಹೆಚ್ಚು ಎಚ್ಚರವಾಗಿರಬೇಕು. ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನುವ ವಿಷಯವಲ್ಲ.

ರಕ್ತ ತಿಳಿಯಾಗಿಸುವ, ನಾಳ ತೊಳೆಯುವ ಪುಡಿ, ಕಷಾಯ, ಟಾನಿಕ್‌ಗಳ ವಿಷಯ ನನ್ನನ್ನು ತುಂಬಾ ಜನ ಕೇಳುತ್ತಾರೆ. ನಾನು ಯಾವುದನ್ನೂ ಕೊಳ್ಳುವುದಿಲ್ಲ. ಕಟ್ಟಿಕೊಂಡ ಅಪಧಮನಿಯನ್ನು ತೊಳೆದು ಬಿಡುವ ಪುಡಿ ಯಾವುದೂ ಇಲ್ಲ. ರಕ್ತನಾಳದ ಒಳಪದರವೇ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಸೂಸಿ ನಾಳವನ್ನು ಸಡಿಲಿಸುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ನಡೆದಾಗ ರಕ್ತ ರಭಸವಾಗಿ ಹರಿದು ಆ ಪದರವನ್ನು ಚುರುಕುಗೊಳಿಸುತ್ತದೆ, ಹೊಗೆ ಅದನ್ನು ಕೆಡಿಸುತ್ತದೆ. ನಮ್ಮ ದಂಟಿನ ಸೊಪ್ಪು, ಬೀಟ್‌ರೂಟಿನಲ್ಲಿರುವ ನೈಟ್ರೇಟಿನಿಂದಲೂ ಮೈ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ. ಮುದ್ದೆ, ಸೊಪ್ಪಿನ ಸಾರು ಉಣ್ಣುವುದಕ್ಕೆ ಅಷ್ಟು ಕಾರಣ ಸಾಕು. ಉಪ್ಪಿನಕಾಯಿ, ಹಪ್ಪಳದ ಮೇಲೆ ಕೈ ಬಿಗಿ ಹಿಡಿಯಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಟೀ ಚಮಚ ಅಷ್ಟೇ, ಸಾರಿನದು ಪಲ್ಯದ್ದು ಎಲ್ಲ ಸೇರಿ. ವಯಸ್ಸಾದಂತೆ ದೊಡ್ಡ ಅಪಧಮನಿಗಳು ಗಡುಸಾಗಿ ಬಿ.ಪಿ.ಯ ಮೇಲಿನ ಅಂಕಿ ಏರುತ್ತಾ ಹೋಗುತ್ತದೆ. ಏರಿದ್ದು ಮೈಗೆ ಗೊತ್ತಾಗುವುದೇ ಇಲ್ಲ, ಅಳೆದು ನೋಡಬೇಕು. ಬಿ.ಪಿ. ಮಾತ್ರೆ ನುಂಗುವ ಅವ್ವನಿಗೆ ಈಗ 83. ರಾತ್ರಿ ಎದ್ದರೆ ತಟ್ಟನೆ ನಿಲ್ಲಬೇಡ, ಮಂಚದ ಅಂಚಿನಲ್ಲಿ ಕೂತು ಪಾದ ಆಡಿಸಿ ಆಮೇಲೆ ನಿಲ್ಲು ಅಂತ ಅಭ್ಯಾಸ ಮಾಡಿಸಿದ್ದೇನೆ. ವಯಸ್ಸಾದ ಮೈಗೆ ಎದ್ದ ಕೂಡಲೇ ಮಿದುಳಿಗೆ ರಕ್ತ ಏರಿಸುವ ಚುರುಕು ಇರುವುದಿಲ್ಲ, ಕಣ್ಣು ಕತ್ತಲೆ ಬಂದು ಬಿದ್ದು ಸೊಂಟ ಮುರಿದುಕೊಂಡವರು ಎಷ್ಟೋ ಜನ.

ಈಗ ತಮ್ಮನ ವಿಷಯ. ಅವನಿಗೆ 54. ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ. ಇಪ್ಪತ್ತನೇ ವಯಸ್ಸಿನಿಂದ ಸಿಗರೇಟು. ಕಳೆದ ಯುಗಾದಿಗೆ ಊರಿಗೆ ಹೋದಾಗ ಇಬ್ಬರೂ ನಾಲೆ ಏರಿ ಮೇಲೆ ಗದ್ದೆಗೆ ಹೊರಟೆವು. ಹುಣಸೆ ಮರದ ಹತ್ತಿರ ಅವನು ನಿಂತ. “ನಡೀತಿರು ಅಕ್ಕ, ಬತ್ತೀನಿ” ಅಂದು ಜೇಬಿಗೆ ಕೈ ಹಾಕಿದ. ನನಗೆ ಮೈ ಜುಮ್ಮೆಂದಿತು. “ಕಾಲು ನೋಯ್ತದಾ?” ಅಂದೆ. “ಏನಿಲ್ಲ, ಮೀನಖಂಡ ವಸಿ ಹಿಡಕತದೆ, ನಿಂತ್ರೆ ಸರೋಯ್ತದೆ.” ಅಲ್ಲೇ ಏರಿಯ ಮೇಲೆ ಕೂರಿಸಿ ಚಪ್ಪಲಿ ಬಿಚ್ಚಿಸಿದೆ. ಅಕ್ಕ ಕಾಲು ಮುಟ್ಟುವುದೆಂದರೆ ಅವನಿಗೆ ಸಂಕೋಚ, ಎಳೆದುಕೊಂಡ. ಬಿಡಲಿಲ್ಲ. ಎಡಪಾದದ ಮೇಲೆ ನಾಡಿ ಸಿಕ್ಕಿತು. ಬಲಪಾದದ್ದು ಬಹಳ ಹೊತ್ತಿನ ಮೇಲೆ, ದೂರದಲ್ಲಿ ಯಾರೋ ಕದ ತಟ್ಟಿದ ಹಾಗೆ.

ಮಂಡ್ಯದಲ್ಲಿ ತೋರಿಸಿದೆವು. ಗಿಣ್ಣಿನ ಬಿ.ಪಿ.ಯನ್ನು ತೋಳಿನದರಿಂದ ಭಾಗಿಸಿದ ಅಂಕಿ ಬಲಗಾಲಿನಲ್ಲಿ 0.7. “ದಿನವಿಡೀ ದುಡೀತೀನಲ್ಲ ಡಾಕ್ಟ್ರೆ, ನನಗ್ಯಾಕೆ ಬಂತು?” ಎಂದು ಕೇಳಿದ. ದುಡಿಯುತ್ತಾನೆ ನಿಜ, ಆದರೆ ಸೀಟಿನ ಮೇಲೆ ಕೂತು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಿಗೆ ಹೃದಯರೋಗ ಹೆಚ್ಚೆಂದು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲೇ ತೋರಿಸಿದ್ದರು. ತಮ್ಮನಿಗೆ ಅದನ್ನು ಹೇಳಿದೆ, ಸಿಗರೇಟಿನ ವಿಷಯ ಡಾಕ್ಟರೇ ಹೇಳಿದರು. ಆಸ್ಪಿರಿನ್, ಕೊಬ್ಬು ಇಳಿಸುವ ಮಾತ್ರೆ ಬರೆದುಕೊಟ್ಟು, ಜೊತೆಗೆ ಒಂದು ಔಷಧಿಯನ್ನು ಬಾಯಲ್ಲಿ ಹೇಳಿ ಕಳಿಸಿದರು: ನೋವು ಬರುವವರೆಗೆ ನಡೆ, ನೋವು ಜೋರಾದಾಗ ನಿಲ್ಲು, ಹೋದ ಮೇಲೆ ಮತ್ತೆ ನಡೆ. ಒಂದು ಸಲಕ್ಕೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ ಮೂರು ತಿಂಗಳು. ದೊಡ್ಡ ನಾಲೆ ಕಿರಿದಾಗಿದ್ದರೂ ಸ್ನಾಯು ಬಂದಷ್ಟು ರಕ್ತದಲ್ಲೇ ದುಡಿಯಲು ಕಲಿಯುತ್ತದೆ, ಅಕ್ಕಪಕ್ಕದ ಸಣ್ಣ ನಾಳಗಳೂ ಒಂದಿಷ್ಟು ಕೈಗೂಡಿಸುತ್ತವೆ. ಅಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ. ನೋವು ಬಂದರೆ ನಡೆಯಬೇಡ ಅಂತಲೇ ನಾವೆಲ್ಲ ಹೇಳಿದ್ದೆವು.

ಸಿಗರೇಟು ಬಿಟ್ಟು ಹನ್ನೊಂದು ವಾರ. ನಡುವೆ ಎರಡು ಸಲ ಸೇದಿದ್ದೇನೆ ಅಂತ ಅವನೇ ಫೋನು ಮಾಡಿ ಹೇಳಿದ. ಪರವಾಗಿಲ್ಲ, ನಾಳೆಯಿಂದ ಮತ್ತೆ ಲೆಕ್ಕ ಹಾಕು ಅಂದೆ. ಏರಿಯ ಮೇಲೆ ನಡೆಯುವಾಗ ಕರೆಂಟು ಕಂಬಗಳನ್ನು ಎಣಿಸುತ್ತಾನೆ. ಮೊದಲ ವಾರ ಮೂರನೇ ಕಂಬಕ್ಕೆ ನಿಲ್ಲುತ್ತಿದ್ದ. ಹುಣಸೆ ಮರ ಇರುವುದು ನಾಲ್ಕನೆಯದರ ಪಕ್ಕ. ನಿನ್ನೆ ಸಂಜೆ ನಾನೂ ಜೊತೆಗಿದ್ದೆ, ಕಾಲುಚೀಲ ಹಾಕಿಕೊಂಡು. ನಾಲೆಗೆ ನೀರು ಬಿಟ್ಟಿದ್ದರು. ಮರ ದಾಟುವಾಗ ಇಬ್ಬರೂ ಮಾತಾಡಲಿಲ್ಲ. ಏಳನೇ ಕಂಬದ ಹತ್ತಿರ, ನಮ್ಮ ಗದ್ದೆಯ ತೂಬಿನ ಪಕ್ಕದಲ್ಲಿ ಅವನು ನಿಂತು ಮೀನಖಂಡ ಹಿಡಿದುಕೊಂಡ. “ಎರಡು ನಿಮಿಷ ಅಕ್ಕ” ಅಂದ. ತೂಬಿನ ಕಲ್ಲಿನ ಮೇಲೆ ಕೂತು ಕಾದೆ.